ಉ: ತಾಯಿಗೆ ಬಂದಿರುವ ಕ್ಯಾನ್ಸರ್ ಸಮೀಕ್ಷೆಯ ಪತ್ರ

ಲೀಡ್ಸ್‌ನಲ್ಲಿ ಕೀಮೋ ಮುಗಿಸಿದ ನಿಮ್ಮ ತಾಯಿಗೆ ಕ್ಯಾನ್ಸರ್ ರೋಗಿಗಳ ಅನುಭವ ಸಮೀಕ್ಷೆಯ ಪತ್ರ ಬಂದಿದೆ, ಕೊರತೆಗಳನ್ನು ಬರೆದರೆ ಮುಂದಿನ ಚಿಕಿತ್ಸೆಗೆ ತೊಂದರೆಯಾದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುವುದಿಲ್ಲ. ಇದು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ರೋಗಿಗಳಿಗಾಗಿ 2010ರಲ್ಲಿ ಆರಂಭವಾದ ಸಮೀಕ್ಷೆ. ಉತ್ತರಿಸುವುದು ಕಡ್ಡಾಯವಲ್ಲ. ಫಲಿತಾಂಶ ಪ್ರಕಟವಾಗುವುದು ಒಟ್ಟು ಲೆಕ್ಕವಾಗಿ, ರೋಗಿಯ ಹೆಸರಿನಲ್ಲಲ್ಲ. ಸ್ವಂತ ಮಾತಿನಲ್ಲಿ ಬರೆಯುವ ಜಾಗದಲ್ಲಿ ಮಾತ್ರ ಹೆಸರು, ಗುರುತು ಬೇಡ.

ನನ್ನ ತಂದೆಯವರು "ಎಲ್ಲರೂ ಚೆನ್ನಾಗಿ ನೋಡಿಕೊಂಡರು" ಎಂದು ಎಲ್ಲದಕ್ಕೂ ಪೂರ್ತಿ ಅಂಕ ಕೊಡಲು ಹೊರಟಿದ್ದರು. ವೈದ್ಯರಲ್ಲಿ ಕುಂದು ಹುಡುಕಬಾರದು ಎಂಬುದು ನಮ್ಮ ಹಿರಿಯರ ಮನಸ್ಸು. ನಾನು ಒಂದೊಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಕ್ಯಾನ್ಸರ್ ಇದೆಯೆಂದು ತಿಳಿಸುವಾಗ ಮನೆಯವರನ್ನು ಜೊತೆಗೆ ಕರೆತರಬಹುದೆಂದು ಹೇಳಿದ್ದರೇ ಎಂಬಲ್ಲಿಗೆ ಬಂದಾಗ ಸುಮ್ಮನಾಗಿಬಿಟ್ಟರು. ಅಂದು ಒಬ್ಬರೇ ಕುಳಿತು, ಅರ್ಧಂಬರ್ಧ ಅರ್ಥವಾದ ಇಂಗ್ಲಿಷಿನಲ್ಲಿ ಆ ಸುದ್ದಿ ಕೇಳಿಸಿಕೊಂಡಿದ್ದರಂತೆ. ನಮಗೆ ಅದುವರೆಗೂ ಹೇಳಿರಲಿಲ್ಲ.

ಆದ್ದರಿಂದ ತಾಯಿಯ ಪರವಾಗಿ ನೀವೇ ಊಹಿಸಿ ತುಂಬಬೇಡಿ. ಪಕ್ಕದಲ್ಲಿ ಕುಳಿತು ಓದಿ, ಅವರು ಹೇಳಿದ್ದಕ್ಕೇ ಗುರುತು ಹಾಕಿ. ಸಂದೇಹ ಬಂದಾಗ ಸಂಪರ್ಕಿಸಲು ನರ್ಸ್‌ನಂಥ ಒಬ್ಬ ನಿರ್ದಿಷ್ಟ ವ್ಯಕ್ತಿ ಇದ್ದರೇ ಎಂಬ ಪ್ರಶ್ನೆಗೆ ನಿಧಾನವಾಗಿ ಯೋಚಿಸಲು ಬಿಡಿ. ಆ ಒಬ್ಬರು ಇದ್ದರೆ ಮನೆಯವರ ಭಾರ ಎಷ್ಟು ಇಳಿಯುತ್ತದೆಂದು ನಾನು ಕಂಡಿದ್ದೇನೆ. ಸುಸ್ತಾದರೆ ಎರಡು ಮೂರು ದಿನ ತೆಗೆದುಕೊಳ್ಳಿ. ಏನಾದರೂ ತಿಳಿಯದಿದ್ದರೆ ಪತ್ರದಲ್ಲಿರುವ ಉಚಿತ ಸಹಾಯವಾಣಿಗೆ ಕರೆ ಮಾಡಿ.