ಆಹ್ವಾನ ಬಂದರೂ ಪ್ಲೇ ಸ್ಟೋರಿನಲ್ಲಿ ಆ್ಯಪ್ ಸಿಗದಿದ್ದರೆ
ಬಿಡುಗಡೆಗೆ ಮೊದಲೇ ಆ್ಯಪ್ ಬಳಸಿ ನೋಡಲು ಹೆಸರು ಕೊಟ್ಟು, ಮೂರು ವಾರ ವೇಟಿಂಗ್ ಲಿಸ್ಟಿನಲ್ಲಿ ಕಾದು, ಕೊನೆಗೂ ಬಂದ ಟೆಸ್ಟಿಂಗ್ ಲಿಂಕ್ ಒತ್ತಿದರೆ ಆ್ಯಪೇ ಇಲ್ಲ ಅಂತಿದೆಯಲ್ಲ, ಬಹುಪಾಲು ಅದು ಖಾತೆ ಅದಲುಬದಲಾದ ಕಿತಾಪತಿ. ಹೆಸರು ಕೊಟ್ಟ ಜಿಮೇಲ್ ಒಂದು, ಪ್ಲೇ ಸ್ಟೋರ್ ತೆರೆದಿರುವುದು ಇನ್ನೊಂದರಲ್ಲಿ. ನಾನೂ ಎರಡು ದಿನ ಆ್ಯಪಿನವರನ್ನು ಬೈದುಕೊಂಡಿದ್ದೆ; ನೋಡಿದರೆ ಫೋನಿನಲ್ಲಿ ಆಫೀಸ್ ಖಾತೆ ಕೂತಿತ್ತು.

ಮೊದಲು ಕ್ರೋಮಿನಲ್ಲಿ ಹೆಸರು ಕೊಟ್ಟ ಜಿಮೇಲಿನಿಂದಲೇ ಲಿಂಕ್ ತೆರೆದು 'ಬಿಕಮ್ ಎ ಟೆಸ್ಟರ್' ಒತ್ತಿ. ಆಮೇಲೆ ಪ್ಲೇ ಸ್ಟೋರಿನ ಮೇಲ್ಗಡೆ ನಿಮ್ಮ ಫೋಟೊ ಮುಟ್ಟಿ ಆ ಖಾತೆಗೆ ಬದಲಿಸಿ, ಅದೇ ಲಿಂಕಿನಿಂದ ಇನ್‌ಸ್ಟಾಲ್ ಮಾಡಿ. ಸ್ಟೋರಿನಲ್ಲಿ ಆ್ಯಪಿನ ಹೆಸರು ಹಾಕಿ ಹುಡುಕುತ್ತಾ ಕೂರಬೇಡಿ. ತಕ್ಷಣ ಬರದಿದ್ದರೆ ಕೆಲವು ಗಂಟೆ ಬಿಡಿ. ಮರುದಿನವೂ ಇಲ್ಲವೆಂದರೆ ಆ್ಯಪಿನವರ ಪಟ್ಟಿಯಲ್ಲಿ ನಿಮ್ಮ ಐಡಿ ಬಿಟ್ಟುಹೋಗಿರಬಹುದು. ಆಹ್ವಾನದ ಮೇಲ್‌ಗೇ ಉತ್ತರಿಸಿ ಕೇಳಿ. ಬೇರೆ ಐಡಿಯಿಂದ ಮತ್ತೆ ಹೆಸರು ಕೊಟ್ಟರೆ ಸಾಲಿನ ಬಾಲಕ್ಕೆ ಹೋಗಬೇಕಾದೀತು.