ಕಾರವಾರದಲ್ಲಿ ನಕ್ಷತ್ರ ನೋಡಲು 20×80 ಬೈನಾಕ್ಯುಲರ್ ತಗೊಳ್ಳಬಹುದಾ?

ನಿಮ್ಮ ಮನೆ ಕಾರವಾರದಲ್ಲಿ, ರಜೆಗೆ ಹೋಗುವುದು ಶಿರಸಿ ಹತ್ತಿರದ ಹಳ್ಳಿಗೆ. ಒಂಬತ್ತು ವರ್ಷದ ಮಗಳಿಗೆ ಶನಿಯ ಬಳೆ ತೋರಿಸಬೇಕು, ಟೆಲಿಸ್ಕೋಪ್ ಬದಲು 20×80 ಬೈನಾಕ್ಯುಲರ್ ತಗೊಂಡರೆ ಆಗುತ್ತದಾ ಅಂತ ಕೇಳಿದ್ದೀರಿ.

ಶನಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. 20 ಪಟ್ಟು ಹಿಗ್ಗಿಸಿದರೂ ಶನಿ ಅಕ್ಕಿಕಾಳಿನ ಹಾಗೆ ಸ್ವಲ್ಪ ಉದ್ದಕ್ಕೆ ಕಾಣುತ್ತದೆ, ಅಷ್ಟೆ. ಬಳೆ ಬಿಡಿಸಿ ಕಾಣಬೇಕಾದರೆ ಸಣ್ಣದಾದರೂ ಟೆಲಿಸ್ಕೋಪೇ ಬೇಕು. ಆದರೆ ಆ ಒಂದು ಆಸೆ ಬದಿಗಿಟ್ಟರೆ, ಬೈನಾಕ್ಯುಲರ್‌ನಲ್ಲಿ ನೋಡುವುದಕ್ಕೆ ಒಂದು ಜನ್ಮಕ್ಕಾಗುವಷ್ಟಿದೆ.

ನಾನು ಅಂಕೋಲೆಯವನು. ನಾನು ಮೊದಲು ತಗೊಂಡದ್ದೂ 20×80. ಪಾರ್ಸೆಲ್ ಬಂದ ಸಂಜೆಯೇ ದಂಡೆಗೆ ಓಡಿದ್ದೆ. ಐದು ದಿನದ ಚಂದ್ರ ಸಮುದ್ರದ ಕಡೆ ಇಳಿಯುತ್ತಿತ್ತು. ಎತ್ತಿ ಹಿಡಿದರೆ, ಚಂದ್ರ ಕುದಿಯುವ ನೀರಿಗೆ ಬಿದ್ದ ಬೇಳೆಯ ಹಾಗೆ ಕುಣಿಯುತ್ತಿದೆ! ಎರಡು ಕಿಲೋಗಿಂತ ಜಾಸ್ತಿ ಭಾರ. ಎರಡೇ ನಿಮಿಷಕ್ಕೆ ತೋಳು ಸೋತಿತು. ಅಲ್ಲೇ ಒಂದು ದೋಣಿ ಬೋರಲು ಹಾಕಿದ್ದರು. ಅದರ ಬೆನ್ನ ಮೇಲೆ ಮೊಣಕೈ ಊರಿ, ಉಸಿರು ಬಿಗಿಹಿಡಿದು ನೋಡಿದೆ. ಕುಣಿತ ನಿಂತಿತು. ಬೆಳಕು ಕತ್ತಲೆ ಸೇರುವ ಗೆರೆಯ ಮೇಲೆ ಒಂದು ದೊಡ್ಡ ಕುಳಿ. ಅದರ ತುಂಬಾ ನೆರಳು, ನೆರಳಿನ ನಡುವೆ ಒಂದು ಬೆಳಕಿನ ಚುಕ್ಕಿ. ಕುಳಿಯ ನಡುವೆ ಇರುವ ಗುಡ್ಡದ ತಲೆಗೆ ಆಗಷ್ಟೇ ಅಲ್ಲಿಯ ಬಿಸಿಲು ಬಿದ್ದಿತ್ತು. ಅದು ಥಿಯೋಫಿಲಸ್, ಅಗಲ ಸುಮಾರು 100 ಕಿಲೋಮೀಟರ್ ಅಂತ ಆಮೇಲೆ ನಕ್ಷೆ ನೋಡಿ ತಿಳಿದುಕೊಂಡೆ.

20 ಪಟ್ಟು ಹಿಗ್ಗಿಸುವ ಗಾಜು ಕೈನಡುಕವನ್ನೂ 20 ಪಟ್ಟು ಹಿಗ್ಗಿಸುತ್ತದೆ. ಕೈಯಲ್ಲಿ ಹಿಡಿದು ನೋಡುವುದಕ್ಕೆ 10 ಪಟ್ಟೇ ಮಿತಿ. ಹಾಗಾಗಿ ನಿಮಗೆ ನನ್ನ ಸಲಹೆ 10×50. ಅದರಲ್ಲೇ ಗುರುವಿನ ನಾಲ್ಕು ಚಂದ್ರ ಸಿಗುತ್ತವೆ, 1610ರಲ್ಲಿ ಗೆಲಿಲಿಯೊ ಕಂಡ ಅದೇ ನಾಲ್ಕು. ಗೋಡೆಗೋ ಕಂಬಕ್ಕೋ ಒರಗಿಕೊಂಡು ನೋಡಿ, ಸಾಕು. 20×80 ಬೇಕೇ ಬೇಕು ಅಂದರೆ ಅದರ ಜೊತೆಗೆ ಗಟ್ಟಿ ಟ್ರೈಪಾಡ್‌ಗೂ ದುಡ್ಡು ತೆಗೆದಿಡಿ. ಮೊಬೈಲ್ ಇಡುವ ತೆಳ್ಳಗಿನ ಸ್ಟ್ಯಾಂಡ್ ಈ ಭಾರಕ್ಕೆ ಬಗ್ಗುತ್ತದೆ, ಸಮುದ್ರದ ಗಾಳಿಗೆ ಬೀಳುತ್ತದೆ. ಉಸುಕಿನಲ್ಲಿ ಮೂರೂ ಕಾಲಿನ ಕೆಳಗೆ ಒಂದೊಂದು ಹಂಚಿನ ಚೂರು ಇಟ್ಟರೆ ಹೂತುಹೋಗುವುದಿಲ್ಲ.

ಕೊಳ್ಳುವಾಗ ಎರಡು ಅಂಕಿಯ ಲೆಕ್ಕ ಗೊತ್ತಿರಲಿ. ಮೊದಲನೆಯದು ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 10×50ಕ್ಕೆ 5, 20×80ಕ್ಕೆ 4. ಎರಡೂ ಒಳ್ಳೆಯದೇ. ಅಂಗೈಯಷ್ಟಿರುವ ದುರ್ಬೀನಿಗೆ 60×60 ಅಂತ ಬರೆದು ಮಾರುತ್ತಾರಲ್ಲ, ಆ ಅಂಕಿ ಸುಳ್ಳು. ಜೂಮ್ ಇರುವುದು, ಗಾಜು ಕೆಂಪಗೆ ಹೊಳೆಯುವುದು, ಎರಡೂ ಬೇಡ. ಒಳಗಿನ ಪ್ರಿಸಂ ಬಿಎಕೆ-4 ಎಂಬ ಜಾತಿಯ ಗಾಜಿನದ್ದು ಅಂತ ಬರೆದಿದ್ದರೆ ಒಳ್ಳೆಯದು.

ಕೈಗೆ ಬಂದ ಮೇಲೆ ಒಂದು ಪರೀಕ್ಷೆ ತಪ್ಪದೆ ಮಾಡಿ. ನನ್ನ ಮೊದಲನೆಯದರ ಎರಡು ಕೊಳವೆಗಳು ಒಂದೇ ಕಡೆ ನೋಡುತ್ತಿರಲಿಲ್ಲ. ಅದು ಗೊತ್ತಾಗದೆ ಒಂದು ವಾರ ತಲೆನೋವು ಅನುಭವಿಸಿದೆ. ಕೊನೆಗೆ ವಾಪಸು ಕಳಿಸಿ ಬೇರೆ ತರಿಸಿಕೊಂಡೆ. ನಿಮಗೆ ಕಾರವಾರದ ದಂಡೆಯೇ ಇದೆ. ಬೆಳಿಗ್ಗೆ, ಸೂರ್ಯ ಬೆನ್ನ ಹಿಂದೆ ಇರುವಾಗ, ದೇವಗಡ ದ್ವೀಪದ ದೀಪಸ್ತಂಭಕ್ಕೆ ಹಿಡಿದು, ಬೈನಾಕ್ಯುಲರನ್ನು ಕಣ್ಣಿನಿಂದ ನಿಧಾನವಾಗಿ ಒಂದು ಗೇಣು ದೂರ ತನ್ನಿ. ಎರಡು ಬಿಲ್ಲೆಯಲ್ಲೂ ಸಮುದ್ರದ ಗೆರೆ ಒಂದೇ ಮಟ್ಟದಲ್ಲಿ ಇರಬೇಕು. ರಾತ್ರಿಯಾದರೆ ಒಂದು ನಕ್ಷತ್ರ ಹಿಡಿದು, ಬಲಗಣ್ಣಿನದ್ದನ್ನು ಮಾತ್ರ ತಿರುಗಿಸಿ ಮಸುಕು ಮಾಡಿ. ಎಡಗಣ್ಣಿನ ಚುಕ್ಕಿ ಬಲಗಣ್ಣಿನ ಮಸುಕು ಬಿಲ್ಲೆಯೊಳಗೇ ಇದ್ದರೆ ಸರಿ. ಹೊರಗೆ ನಿಂತರೆ ಸುಮ್ನೆ ವಾಪಸು ಕಳಿಸಿ. ಬಿಚ್ಚಿ ನೀವೇ ಸರಿಮಾಡಲು ಹೋಗಬೇಡಿ.

ಮಗಳ ಕಣ್ಣಿಗೂ ಒಮ್ಮೆ ಹಿಡಿಸಿ ನೋಡಿ. ದೊಡ್ಡ ಬೈನಾಕ್ಯುಲರ್‌ಗಳನ್ನು ಎಷ್ಟೇ ಮಡಿಸಿದರೂ ಎರಡು ಕಣ್ಣಿನ ನಡುವಿನ ಅಂತರ ಸುಮಾರು 56 ಮಿ.ಮೀ.ಗಿಂತ ಕಡಿಮೆ ಆಗುವುದಿಲ್ಲ. ಒಂಬತ್ತು ವರ್ಷದ ಎಷ್ಟೋ ಮಕ್ಕಳ ಕಣ್ಣು ಅದಕ್ಕಿಂತ ಹತ್ತಿರ ಇರುತ್ತವೆ. ಆಗ ಮಗು ಒಂದೇ ಕಣ್ಣಲ್ಲಿ ನೋಡಿ, ಕಾಣ್ತಾ ಇಲ್ಲ ಅಪ್ಪಾ ಅನ್ನುತ್ತದೆ. ಅಂಥ ಮಗುವಿಗೆ ಇನ್ನೂ ಹತ್ತಿರಕ್ಕೆ ಮಡಿಸಬಹುದಾದ, ಹಗುರವಾದ ಸಣ್ಣ ಬೈನಾಕ್ಯುಲರ್ ಒಳ್ಳೆಯದು. ಬರೀ ದೂರದ ಕನ್ನಡಕ ಇದ್ದರೆ ತೆಗೆದು ನೋಡಬಹುದು. ಸಿಲಿಂಡರ್ ಪವರ್ ಇದ್ದರೆ ಹಾಕಿಕೊಂಡೇ ನೋಡಬೇಕು.

ಈಗ ನಮ್ಮ ಆಕಾಶದ ಮಾತು. ನಮ್ಮದು ಸುಮಾರು 15 ಡಿಗ್ರಿ ಅಕ್ಷಾಂಶ. ಹಾಗಾಗಿ ಕೃತ್ತಿಕೆ, ರೋಹಿಣಿ, ಪುಷ್ಯ ಮೂರೂ ಹೆಚ್ಚುಕಡಿಮೆ ನೆತ್ತಿಯ ಮೇಲೆ ಹಾದುಹೋಗುತ್ತವೆ. ಟ್ರೈಪಾಡ್ ಮೇಲಿಟ್ಟ ಬೈನಾಕ್ಯುಲರನ್ನು ನೆತ್ತಿಗೆ ತಿರುಗಿಸಿದರೆ ಕತ್ತು ಹೋಗುತ್ತದೆ. ಅವು ಪೂರ್ವದಲ್ಲಿ ಅರ್ಧ ಏರಿದಾಗಲೇ ನೋಡಿಬಿಡಬೇಕು. ಡಿಸೆಂಬರ್ ಮಧ್ಯದಲ್ಲಿ ರಾತ್ರಿ ಎಂಟರ ಸುಮಾರಿಗೆ ಕೃತ್ತಿಕೆ ಆ ಜಾಗದಲ್ಲಿ ಇರುತ್ತದೆ. 10×50 ಇದ್ದವರು ಆರಾಮ ಕುರ್ಚಿಯಲ್ಲಿ ಒರಗಿಕೊಂಡು ನೆತ್ತಿಯನ್ನೂ ನೋಡಬಹುದು, ಅದೊಂದು ಸುಖ. ನಮ್ಮಲ್ಲಿ ಆರಿದ್ರಾ ಮಳೆ, ಪುಷ್ಯ ಮಳೆ ಅಂತ ಎಲ್ಲರ ಬಾಯಲ್ಲೂ ಇದೆ, ಅಲ್ವಾ? ಆದರೆ ಮಳೆಗೆ ಆ ಹೆಸರು ಇರುವಾಗ ಸೂರ್ಯ ಆ ನಕ್ಷತ್ರದಲ್ಲೇ ಇರುತ್ತಾನೆ, ಹಾಗಾಗಿ ಅದು ಕಾಣುವುದೇ ಇಲ್ಲ. ಆರು ತಿಂಗಳು ಕಾದು ಚಳಿಗಾಲದಲ್ಲಿ ಮಗಳಿಗೆ ತೋರಿಸಿ. ಪುಷ್ಯದ ಜಾಗದಲ್ಲಿ ಬರಿಗಣ್ಣಿಗೆ ಕಾಣುವುದು ಒಂದು ಮಸುಕು ಮಚ್ಚೆ. ಬೈನಾಕ್ಯುಲರ್ ಇಟ್ಟರೆ ಅದೇ ಹತ್ತಾರು ನಕ್ಷತ್ರಗಳಾಗಿ ಬಿಡಿಸಿಕೊಳ್ಳುತ್ತದೆ.

ಟ್ರೈಪಾಡ್‌ಗೆ ಹೇಳಿ ಮಾಡಿಸಿದ ರಾತ್ರಿ ಅಂದರೆ ಮೇ ತಿಂಗಳ ಮಧ್ಯದ ಅಮಾವಾಸ್ಯೆ ಆಸುಪಾಸು, ಮೋಡ ಇಲ್ಲದ ದಿನ, ಹತ್ತೂವರೆ ಗಂಟೆ. ಆಗ ಉತ್ತರದಲ್ಲಿ ಅರ್ಧ ಎತ್ತರಕ್ಕೆ ವಸಿಷ್ಠ-ಅರುಂಧತಿ. ದಕ್ಷಿಣಕ್ಕೆ ತಿರುಗಿದರೆ ಮೇಲೆ ಚಿತ್ತಾ. ಅದರಿಂದ ನೇರ ಕೆಳಗೆ ಇಳಿಯುತ್ತಾ ಬನ್ನಿ. ದಿಗಂತದಿಂದ ಸುಮಾರು 28 ಡಿಗ್ರಿ ಎತ್ತರದಲ್ಲಿ ಒಂದು ಮಸುಕು ಉಂಡೆ ಸಿಗುತ್ತದೆ. ಅದು ಒಮೆಗಾ ಸೆಂಟಾರಿ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳ ಗುಂಪು. 20×80ರಲ್ಲಿ ಅದು ಕಪ್ಪು ಕಂಬಳಿಯ ಮೇಲೆ ಚೆಲ್ಲಿದ ರವೆ ಹಿಟ್ಟಿನ ಗುಪ್ಪೆ, ನಡುವೆ ದಟ್ಟ, ಅಂಚಿಗೆ ಹೋದಂತೆ ತೆಳು. ಲಂಡನ್ನಿನವರಿಗೆ ಇದು ಹುಟ್ಟುವುದೇ ಇಲ್ಲ. ನಮಗೆ ಅಂಗಳದಿಂದಲೇ ಕಾಣುತ್ತದೆ. ಪುನಃ ಉತ್ತರಕ್ಕೆ ತಿರುಗಿ ವಸಿಷ್ಠನನ್ನು ನೋಡಿ. ಟ್ರೈಪಾಡ್ ಅಲುಗದಿದ್ದರೆ 20 ಪಟ್ಟಿನಲ್ಲಿ ವಸಿಷ್ಠನೇ ಎರಡಾಗಿ ಕಾಣುತ್ತಾನೆ. ನಾನು ಮೊದಲ ಸಲ ಕಂಡಾಗ ಹೆಂಡತಿಯನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಿದ್ದೆ.

ಕಾರವಾರದಲ್ಲಿ ಮಾಜಾಳಿ ಕಡೆಯ ದಂಡೆಗೆ ಹೋಗಬಹುದು. ದಕ್ಷಿಣ ನೋಡುವ ದಿನ ಮಾತ್ರ ಪೇಟೆಯ ದೀಪ ಬೆನ್ನಿಗೆ ಬರುವ ಜಾಗ ಹುಡುಕಿ. ಅರಗಾ, ಬಿಣಗಾ ಕಡೆ ನೌಕಾನೆಲೆ ಇದೆ, ಅಲ್ಲಿ ಹತ್ತಿರದಲ್ಲಿ ಇದನ್ನೆಲ್ಲ ಹೂಡಬೇಡಿ. ಶಿರಸಿ ಕಡೆ ಕತ್ತಲೆ ಚೆನ್ನಾಗಿದೆ, ಆದರೆ ತೋಟದ ನಡುವೆ ನಿಂತರೆ ಅಡಿಕೆ ಮರದ ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮನೆ ಮೇಲಿನ ಬೇಣಕ್ಕೆ, ಅಂದರೆ ಹುಲ್ಲು ಬೆಳೆಯುವ ಬಯಲು ದಿಬ್ಬಕ್ಕೆ, ಹತ್ತಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ.

ಇನ್ನು ಸೂರ್ಯ. ದಂಡೆಯಲ್ಲಿ ನಿಂತಾಗ ಮುಳುಗುವ ಸೂರ್ಯನತ್ತ ಹಿಡಿಯುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ಕೆಂಪಗೆ ತಣ್ಣಗೆ ಕಂಡರೂ ಬೇಡವೇ ಬೇಡ. ಕಣ್ಣು ಹೋದರೆ ಬರುವುದಿಲ್ಲ. ಸಂಜೆ ದಂಡೆಗೆ ಹೋದರೆ, ಸೂರ್ಯ ಪೂರ್ತಿ ಮುಳುಗುವವರೆಗೂ ನಾನು ಚೀಲದ ಜಿಪ್ಪನ್ನೇ ತೆಗೆಯುವುದಿಲ್ಲ.

ನಮ್ಮ ಕಡೆ ಬೈನಾಕ್ಯುಲರ್ ಹಾಳಾಗುವುದು ಜಾಸ್ತಿ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿ ಇಟ್ಟು ಮರೆತರೆ, ತೆಗೆಯುವಾಗ ಗಾಜಿನ ಒಳಗೆ ಜೇಡನ ಬಲೆಯ ಹಾಗೆ ಬೂಷ್ಟು ಹಿಡಿದಿರುತ್ತದೆ. ಚರ್ಮದ ಚೀಲದಿಂದ ತೆಗೆದು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿದರಾಯಿತು, ಪುನಃ ನೀಲಿಯಾಗುತ್ತದೆ. ಆದರೆ ಅಡುಗೆಯ ಬಾಣಲೆ ಬಳಸಬೇಡಿ, ಆ ನೀಲಿ ಬಣ್ಣ ವಿಷ. ದಂಡೆಯಿಂದ ಬಂದ ಮೇಲೆ ಗಾಜನ್ನು ಅಂಗಿಯ ಚುಂಗಿನಿಂದ ಒರೆಸಬೇಡಿ. ಮೊದಲು ಗಾಳಿ ಊದುವ ರಬ್ಬರ್ ಬಲ್ಬಿನಿಂದ ಉಸುಕು ಹಾರಿಸಿ, ಆಮೇಲೆ ಲೆನ್ಸ್ ಬಟ್ಟೆ.

ಈಗಲೇ ತಗೊಳ್ಳುವ ಅವಸರವೂ ಇಲ್ಲ. ದೀಪಾವಳಿ ಹೊತ್ತಿಗೆ ಮಳೆ ಮುಗಿದಿರುತ್ತದೆ, ಆಗ ಒಂದು 10×50 ತರಿಸಿ, ಐದು ದಿನದ ಚಂದ್ರನಿಂದ ಶುರುಮಾಡಿ. ಮಗಳು ನಿಮಗಿಂತ ಮೊದಲು ಕುಳಿ ಎಣಿಸುತ್ತಾಳೆ, ನೋಡಿ.