ಡೊನಿಜೆಟ್ಟಿಯವರ ‘ಲಾ ಫೀಯ್ ದ್ಯು ರೆಜಿಮಾಂ’ ಒಪೆರಾ ಗಾಯಕರಿಗೆ ಏಕೆ ಅಷ್ಟು ಪ್ರಿಯ?

ಇಟಲಿಯ ಡೊನಿಜೆಟ್ಟಿಯವರು ಪ್ಯಾರಿಸ್ಸಿನ ಒಪೆರಾ ಕಾಮಿಕ್ ರಂಗಕ್ಕಾಗಿ ಫ್ರೆಂಚಿನಲ್ಲೇ ರಚಿಸಿ, 1840ರಲ್ಲಿ ಮೊದಲು ಪ್ರದರ್ಶನಗೊಂಡ ಈ ಹಾಸ್ಯ ಒಪೆರಾ ಕಂಠವನ್ನೂ ಅಭಿನಯವನ್ನೂ ಒಟ್ಟಿಗೆ ಒರೆಗೆ ಹಚ್ಚುತ್ತದೆ. ಗಾಯಕರು ಇದನ್ನು ಬಯಸುವುದು ಅದಕ್ಕಾಗಿಯೇ. ಸೈನಿಕರ ದಂಡಿನ ಸಾಕುಮಗಳಾದ ನಾಯಕಿ ಮರೀಯನ್ನು ವರಿಸಲು ದಂಡಿನವರ ಒಪ್ಪಿಗೆ ಪಡೆದ ಪ್ರಿಯಕರ ಟೋನಿಯೊ ಸಂಭ್ರಮದಿಂದ ಹಾಡುವಾಗ, ಆ ಪಾತ್ರದ ಟೆನರ್ ಗಾಯಕರು (ಎತ್ತರದ ಗಂಡುಕಂಠದವರು) ತಾರಸ್ಥಾಯಿಯ ‘ಸಿ’ ಸ್ವರವನ್ನು ಸಾಮಾನ್ಯವಾಗಿ ಒಂಬತ್ತು ಬಾರಿ ಮುಟ್ಟುತ್ತಾರೆ. 1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಇಟಲಿಯ ಟೆನರ್ ಪವರೋಟ್ಟಿಯವರು ಇದರಿಂದಲೇ ಹೆಸರುವಾಸಿಯಾದರು.

ಆದರೂ ಹೆಚ್ಚು ಕಠಿಣವಾದುದು ಮರೀಯ ಪಾತ್ರವೆಂದೇ ನನ್ನ ಅಭಿಪ್ರಾಯ. ಸೈನಿಕರ ನಡುವೆ ಬೆಳೆದ ಆಕೆ ಎರಡನೆಯ ಅಂಕದ ಸಂಗೀತಪಾಠದಲ್ಲಿ ನಾಜೂಕಾದ ಹಾಡನ್ನು ಬಿಟ್ಟು, ಸಾರ್ಜೆಂಟ್ ಸುಲ್ಪೀಸ್ ಗುನುಗುವ ದಂಡಿನ ಹಾಡಿಗೆ ಜಾರುತ್ತಾಳೆ. ಆಗ ಒರಟುತನ ನಟನೆಯಲ್ಲಿ ಕಾಣಬೇಕೇ ಹೊರತು ಗಾಯಕಿಯ ಸ್ವರಶುದ್ಧಿ ಕಿಂಚಿತ್ತೂ ಕೆಡಬಾರದು.